ಧೂಳು ಕಂಡುಬಂದಿರುವುದಿಲ್ಲ

ಗಂಗರತ್ನಮ್ಮನಿಗೆ ಕೋಪ ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಅದು ಗೊತ್ತಿಲ್ಲದವರು ಅವಳು ಸಮಾಧಾನವಾಗಿದ್ದಾಳೆ ಎಂದುಕೊಂಡು ಇನ್ನೂ ಎರಡು ಮಾತು ಆಡಿ ಸಿಕ್ಕಿಬೀಳುತ್ತಿದ್ದರು. ನನ್ನ ಕೋಪ ಬೇರೆ ಥರದ್ದು. ಮನೆಯಲ್ಲಿ ತಟ್ಟೆ ಕುಕ್ಕುತ್ತೇನೆ, ಬಸ್ಸಿನಲ್ಲಿ ಕಂಡಕ್ಟರನ ಹತ್ತಿರ ಜಗಳಕ್ಕೆ ನಿಲ್ಲುತ್ತೇನೆ. ಆಫೀಸಿನಲ್ಲಿ ಮಾತ್ರ 'ಹೂಂ ಸಾರ್' ಎಂದು ಹೇಳಿದ್ದನ್ನೆಲ್ಲ ಟೈಪ್ ಮಾಡುತ್ತಿದ್ದೆ. ಇಪ್ಪತ್ತಾರು ವರ್ಷ ಹಾಗೆ ಟೈಪ್ ಮಾಡಿದವನು ಈಗ ಅವಳ ಬಗ್ಗೆ ಬರೆಯಲು ಕೂತಿದ್ದೇನೆ. ಓದುವವರು ನನ್ನನ್ನು ಒಳ್ಳೆಯವನೆಂದು ತಿಳಿಯುವುದು ಬೇಡ.

ನಮ್ಮದು ಶ್ರೀನಿವಾಸಪುರದ ಹೊರಗೆ, ಮಾವಿನ ತೋಪುಗಳು ಶುರುವಾಗುವ ಕಡೆ ಇದ್ದ ಬಿತ್ತನೆ ಕೋಠಿ. ಹಿಪ್ಪುನೇರಳೆ ಬೆಳೆಯುವವರ ಸಂಘವೊಂದು ಅದನ್ನು ನಡೆಸುತ್ತಿತ್ತು. ರೇಷ್ಮೆ ಹುಳ ಸಾಕುವವರಿಗೆ ಮೊಟ್ಟೆ ತಯಾರು ಮಾಡಿಕೊಡುವುದೇ ಕೋಠಿಯ ಕೆಲಸ. ಯಲ್ದೂರಿನಿಂದಲೂ ತಾಯಲೂರಿನಿಂದಲೂ ಜನ ಬಂದು ಮೊಟ್ಟೆಯ ಹಾಳೆ ಒಯ್ಯುತ್ತಿದ್ದರು. ಗೂಡಿನಿಂದ ಚಿಟ್ಟೆ ಹೊರಬರುವ ದಿನ ಬೆಳಕು ಹರಿಯುವ ಮುಂಚೆಯೇ ಹೆಂಗಸರು ಚಿಟ್ಟೆ ಕೋಣೆಗೆ ಬರಬೇಕು. ಗಂಡು ಹೆಣ್ಣು ಜೋಡಿ ಮಾಡಬೇಕು, ನಾಲ್ಕು ಗಂಟೆ ಬಿಟ್ಟು ಒಂದೊಂದೇ ಜೋಡಿಯನ್ನು ಕೈಯಿಂದ ಬಿಡಿಸಬೇಕು, ಹೆಣ್ಣನ್ನು ಮೊಟ್ಟೆ ಇಡಲು ಹಾಳೆಯ ಮೇಲೆ ಕೂರಿಸಬೇಕು. ಹೊತ್ತು ಮೀರಿದರೆ ಮೊಟ್ಟೆ ಕೆಡುತ್ತದೆ.

ಸಾವಿರಾರು ಚಿಟ್ಟೆಗಳು ಒಂದೇ ಕೋಣೆಯಲ್ಲಿ ರೆಕ್ಕೆ ಬಡಿದರೆ ಏನಾಗುತ್ತದೆ ಎಂದು ನೋಡದವರಿಗೆ ಗೊತ್ತಾಗುವುದಿಲ್ಲ. ರೆಕ್ಕೆಯ ಬಿಳಿ ಹುಡಿ ಉದುರಿ ಗಾಳಿಯಲ್ಲಿ ತೇಲುತ್ತದೆ. ಹೆಂಗಸರ ಹುಬ್ಬು, ರೆಪ್ಪೆ, ತಲೆಗೂದಲು ಎಲ್ಲ ಬೆಳ್ಳಗಾಗುತ್ತದೆ. ಸೆರಗನ್ನು ಮೂಗಿಗೆ ಕಟ್ಟಿಕೊಂಡರೂ ಹುಡಿ ಒಳಗೆ ಹೋಗುತ್ತದೆ. ಮೊದಲ ವರ್ಷ ಸೀನು, ಎರಡನೇ ವರ್ಷ ಕೆಮ್ಮು, ಆಮೇಲೆ ಗೂರಲು. ಕೋಣೆಯಲ್ಲಿ ಚಿಟ್ಟೆಗಳಿಗೆ ಶೆಖೆಯಾಗಬಾರದೆಂದು ಒಂದು ಕೂಲರ್ ಇತ್ತು. ಹುಡಿ ಹೊರಗೆ ಹೋಗಲು ಒಂದು ಕಿಟಕಿಯೂ ತೆರೆದಿರಲಿಲ್ಲ.

ಈ ಕೋಣೆಗೆ ಗಂಗರತ್ನಮ್ಮನನ್ನು ಎಪ್ಪತ್ತಾರರಲ್ಲಿ ಕರೆತಂದವಳು ಅವಳ ಅಣ್ಣನ ಹೆಂಡತಿ ಬಚ್ಚಮ್ಮ. ಗೌನಿಪಲ್ಲಿಯವರು, ಮನೆಯಲ್ಲಿ ಅರ್ಧ ತೆಲುಗು ಅರ್ಧ ಕನ್ನಡ. ಅತ್ತಿಗೆಯನ್ನು ಗಂಗರತ್ನಮ್ಮ 'ವದಿನ' ಎಂದೇ ಕರೆಯುತ್ತಿದ್ದಳು. ತಾಯಿ ಇಲ್ಲದ ನಾದಿನಿಗೆ ತಲೆ ಬಾಚಿ ಜಡೆ ಹಾಕಿ ಹತ್ತನೇ ಕ್ಲಾಸಿನವರೆಗೆ ಸ್ಕೂಲಿಗೆ ಕಳಿಸಿದವಳು ಬಚ್ಚಮ್ಮ. ಅವಳಿಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಓದು ಬರುತ್ತಿದ್ದುದರಿಂದ ಗಂಗರತ್ನಮ್ಮ ಮೂರು ವರ್ಷಕ್ಕೆ ಚಿಟ್ಟೆ ಕೋಣೆಯಿಂದ ಬಿಡುಗಡೆ ಪಡೆದು ಮೈಕ್ರೋಸ್ಕೋಪಿನ ಮೇಜಿಗೆ ಬಂದಳು. ಓದು ಬಾರದ ಬಚ್ಚಮ್ಮ ಅಲ್ಲೇ ಉಳಿದಳು.

ಮೈಕ್ರೋಸ್ಕೋಪಿನ ಕೆಲಸ ಸಣ್ಣದಲ್ಲ. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು, ಒಂದು ತೊಟ್ಟು ಗಾಜಿನ ಮೇಲೆ ಹಾಕಿ, ಗಂಟು ರೋಗದ ಕಣ ಇದೆಯೇ ಎಂದು ನೋಡಬೇಕು. ತಾಯಿಗೆ ರೋಗವಿದ್ದರೆ ಮೊಟ್ಟೆಗೂ ಇರುತ್ತದೆ, ಆ ಮೊಟ್ಟೆ ಒಯ್ದವನ ಹುಳವೆಲ್ಲ ಸಾಯುತ್ತದೆ. ಒಂದು ಲಾಟಿನಲ್ಲಿ ರೋಗ ಕಂಡರೆ ಗಂಗರತ್ನಮ್ಮ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಈ ಗೂಡು ಯಾರ ಮನೆಯದು, ಯಾವ ತಟ್ಟೆಯಲ್ಲಿಟ್ಟಿದ್ದರು, ಆ ತಟ್ಟೆಯಲ್ಲಿ ಹಿಂದೆ ಏನಿತ್ತು ಎಂದು ಬೆನ್ನು ಹತ್ತುತ್ತಿದ್ದಳು. "ರೋಗ ಆಕಾಶದಿಂದ ಬೀಳಲ್ಲ ಆವಲಪ್ಪಣ್ಣ, ಯಾವ್ದೋ ಬಾಗ್ಲಿಂದ್ಲೇ ಬರ್ತದೆ" ಎಂದು ನನಗೆ ಹೇಳುತ್ತಿದ್ದಳು.

ಚಿಟ್ಟೆ ಕೋಣೆಯ ಗೋಡೆಗೆ ಗಾಳಿ ಹೊರಗೆಳೆಯುವ ಒಂದು ಫ್ಯಾನ್ ಹಾಕಿಸಿಕೊಡಿ ಎಂದು ಹೆಂಗಸರ ಪರವಾಗಿ ಅರ್ಜಿ ಬರೆಯುತ್ತಿದ್ದವಳೂ ಅವಳೇ. ಹನ್ನೆರಡು ವರ್ಷದಲ್ಲಿ ಆರು ಅರ್ಜಿ. ಆರಕ್ಕೂ ನಮ್ಮ ಸೆಕ್ರೆಟರಿ ಕೋದಂಡರಾಮಪ್ಪನವರು ಒಂದೇ ಉತ್ತರ ಹೇಳಿ ಬರೆಸಿದರು. 'ಕೊಠಡಿಯನ್ನು ಖುದ್ದು ಪರಿಶೀಲಿಸಲಾಗಿದೆ. ಧೂಳು ಕಂಡುಬಂದಿರುವುದಿಲ್ಲ.' ಅವರು ಬಾಗಿಲಲ್ಲಿ ನಿಂತು, ಮೂಗಿಗೆ ಕರ್ಚೀಫು ಹಿಡಿದು ಪರಿಶೀಲಿಸಿದ್ದನ್ನು ನಾನು ನೋಡಿದ್ದೆ. ಐದನೇ ಅರ್ಜಿಯ ಹೊತ್ತಿಗೆ ಬಚ್ಚಮ್ಮನ ಕೆಮ್ಮು ಆಫೀಸಿನವರೆಗೆ ಕೇಳುತ್ತಿತ್ತು. ಆ ಸಲ ಉತ್ತರಕ್ಕೆ ಇನ್ನೊಂದು ಸಾಲು ಸೇರಿತು. 'ಸದರಿ ಕೆಲಸಗಾರಳು ಕೆಲಸ ತಪ್ಪಿಸಿಕೊಳ್ಳುವ ಸಲುವಾಗಿ ಕೆಮ್ಮಿನ ನೆಪ ಹೂಡುತ್ತಿರುವುದು ಗಮನಕ್ಕೆ ಬಂದಿದೆ.' ಅದನ್ನೂ ನಾನೇ ಟೈಪ್ ಮಾಡಿದೆ. ಒಂದು ಅಕ್ಷರ ತಪ್ಪಿಲ್ಲದೆ ಮಾಡಿದೆ.

ಎಂಬತ್ತೇಳರಲ್ಲಿ ಕೋಠಿಗೆ ಕಂಪ್ಯೂಟರ್ ಬಂತು. ಇಡೀ ತಾಲ್ಲೂಕಿನಲ್ಲಿ ಅದೇ ಮೊದಲು ಎಂದು ಸೆಕ್ರೆಟರಿಗಳು ಹೇಳಿಕೊಂಡು ತಿರುಗಿದರು. ಮೂರು ಯಂತ್ರ. ನನ್ನ ಮೇಜಿನ ಮೇಲೆ ಒಂದು, ಗಂಗರತ್ನಮ್ಮನ ಮೈಕ್ರೋಸ್ಕೋಪಿನ ಪಕ್ಕ ಒಂದು. ಮೂರನೆಯದು ದೊಡ್ಡದು, ಅದಕ್ಕೆ ಸರ್ವರ್ ಎಂದು ಹೆಸರು. ನಾವು ಎರಡು ಕಡೆ ಕೂತು ಬಡಿದಿದ್ದೆಲ್ಲ ತಂತಿಯಲ್ಲಿ ಹೋಗಿ ಅದರೊಳಗಿನ ತಟ್ಟೆಯಲ್ಲಿ ಫೈಲುಗಳಾಗಿ ಕೂರುತ್ತಿತ್ತು. ಬೇಕಾದಾಗ ಕೇಳಿದರೆ ಓದಿ ಕೊಡುತ್ತಿತ್ತು. ಪ್ರತಿ ಲಾಟಿಗೂ ಒಂದು ಫೈಲು, ಅದರಲ್ಲಿ ಗಂಗರತ್ನಮ್ಮನ ಪರೀಕ್ಷೆಯ ಫಲ. ಆ ಫೈಲು ನೋಡಿ 'ರೋಗವಿಲ್ಲ' ಎಂದು ಖಾತ್ರಿಯಾದ ಮೇಲೆಯೇ ಮೊಟ್ಟೆ ಕೊಡುವುದು. ಯಂತ್ರ ಬಂದ ದಿನವೇ ಸೆಕ್ರೆಟರಿಗಳು ಕಾಗದದ ರಿಜಿಸ್ಟರನ್ನು ನಿಲ್ಲಿಸಿಬಿಟ್ಟರು.

ಸರ್ವರ್ ತಂಪಾದ ಜಾಗದಲ್ಲಿರಬೇಕು ಎಂದು ತಂದವರು ಹೇಳಿಹೋಗಿದ್ದರು. ಕೋಠಿಯಲ್ಲಿ ತಂಪೆಂದರೆ ಚಿಟ್ಟೆ ಕೋಣೆ ಒಂದೇ, ಕೂಲರ್ ಇದ್ದುದು ಅಲ್ಲಿ. ಕೋದಂಡರಾಮಪ್ಪನವರು ಬುದ್ಧಿ ಓಡಿಸಿದರು. ಚಿಟ್ಟೆ ಕೋಣೆಗೆ ಅಂಟಿಕೊಂಡ ಉಗ್ರಾಣ ಖಾಲಿ ಮಾಡಿಸಿ ಯಂತ್ರ ಇರಿಸಿದರು. ನಡುವಿನ ಗೋಡೆಗೆ ಮೊಳದಗಲ ಕಿಂಡಿ ಕೊರೆಸಿ, ಚಿಟ್ಟೆಗೆ ಸಿಗುವ ತಂಪು ಯಂತ್ರಕ್ಕೂ ಸಿಗುವ ಹಾಗೆ ಮಾಡಿದರು. ಚಿಟ್ಟೆ ಮೊಟ್ಟೆ ಬಿಟ್ಟು ಬೇರೇನೂ ಗೊತ್ತಿಲ್ಲದ ಕೋಠಿಯವರ ತಲೆಗೆ ಮಾತ್ರ ಹೊಳೆಯುವ ಉಪಾಯ ಅದು. ಆಗ ನನಗೂ ಅದು ಬಹಳ ಜಾಣತನವೆಂದೇ ಕಂಡಿತ್ತು.

ಮರುವರ್ಷ ಬೇಸಿಗೆಯ ಹೊತ್ತಿಗೆ ಸರ್ವರ್ ತಕರಾರು ಶುರು ಮಾಡಿತು. ಬೆಳಿಗ್ಗೆ ಕೇಳಿದ ಫೈಲು ಕೊಡುತ್ತಿತ್ತು. ಮಧ್ಯಾಹ್ನ ಅದೇ ಫೈಲು ಕೇಳಿದರೆ ಓದಲಾಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತಿತ್ತು. ಮತ್ತೆ ಕೇಳಿದರೆ ಮತ್ತೆ ಅದೇ. ಆರಿಸಿ, ಒಂದು ತಾಸು ಬಿಟ್ಟು ಹಚ್ಚಿದರೆ ಕೆಲವು ಸಲ ಕೊಡುತ್ತಿತ್ತು, ಕೆಲವು ಸಲ ಇಲ್ಲ. ಅಷ್ಟರಲ್ಲಿ ಮೊಟ್ಟೆಗೆ ಬಂದ ರೈತರು ಅಂಗಳದಲ್ಲಿ ಕಾದು ಕೂತಿರುತ್ತಿದ್ದರು. ಮೊಟ್ಟೆ ಯಾರಿಗೂ ಕಾಯುವುದಿಲ್ಲ. ಹತ್ತು ಹನ್ನೊಂದು ದಿನಕ್ಕೆ ಒಡೆದು ಹುಳ ಹೊರಬರುತ್ತದೆ. ಎರಡು ಲಾಟು ಕೋಠಿಯಲ್ಲೇ ಒಡೆದುಹೋಯಿತು.

ಕೋದಂಡರಾಮಪ್ಪನವರಿಗೆ ಅಪರಾಧಿ ಕೂಡಲೇ ಸಿಕ್ಕಿದಳು. ಗಂಗರತ್ನಮ್ಮನನ್ನು ಕರೆಸಿದರು.

"ಚಿಟ್ಟೆ ಅರೆದ ಕೈಯಲ್ಲೇ ಕೀಲಿ ಒತ್ತುತೀಯ. ಆ ಪಸೆಯೆಲ್ಲ ಒಳಕ್ಕೆ ಹೋಗಿ ಯಂತ್ರ ಕೆಟ್ಟದೆ. ಎಲ್ಲಾ ನಿನ್ನಿಂದ್ಲೇ."

"ಕೈ ತೊಳ್ಕೊಂಡೇ ಮುಟ್ಟೋದು ಸಾರ್" ಎಂದಳು.

"ಎದುರು ಮಾತಾಡ್ಬೇಡ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅಂದು ಸಂಜೆ ನನ್ನಿಂದ ಮೆಮೊ ಟೈಪ್ ಮಾಡಿಸಿದರು. ಎರಡು ತಿಂಗಳೊಳಗೆ ಫೈಲುಗಳು ಸರಿಯಾಗಿ ಓದಲು ಬಾರದಿದ್ದರೆ ಅವಳನ್ನು ಪರೀಕ್ಷೆಯ ಕೆಲಸದಿಂದ ತೆಗೆದು ಚಿಟ್ಟೆ ಕೋಣೆಗೆ ವಾಪಸು ಕಳಿಸಲಾಗುವುದು. ಮೆಮೊ ಕೊಡುವಾಗ ನನ್ನ ಕೈ ನಡುಗಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಡುಗಲಿಲ್ಲ. ಅವಳು ಎರಡು ಸಲ ಓದಿ ಮಡಿಸಿಟ್ಟುಕೊಂಡಳು. "ಚಿಟ್ಟೆ ಕೋಣೇಲಿ ಧೂಳೇ ಇಲ್ವಲ್ಲ ಆವಲಪ್ಪಣ್ಣ. ಅಲ್ಲಿಗೆ ಕಳ್ಸೋದು ಶಿಕ್ಷೆ ಹೆಂಗಾಗ್ತದೆ?" ಎಂದು ಕೇಳಿದಳು. ದನಿ ತೀರ ಕೆಳಗಿತ್ತು.

ಮಾರನೆಯ ದಿನದಿಂದ ಅವಳು ರೋಗದ ಬೆನ್ನು ಹತ್ತುವ ಹಾಗೆಯೇ ಸರ್ವರಿನ ಬೆನ್ನು ಹತ್ತಿದಳು. ಮಗಳ ಹಳೆಯ ಕಾಪಿ ಪುಸ್ತಕದ ಹಿಂಭಾಗದಲ್ಲಿ ಗೆರೆ ಹಾಕಿಕೊಂಡಳು. ಫೈಲು ಓದದೆ ಹೋದ ದಿನ, ಗಂಟೆ, ಆಗ ವೋಲ್ಟೇಜ್ ಮೀಟರಿನ ಮುಳ್ಳು ಎಲ್ಲಿತ್ತು, ಕೂಲರ್ ಓಡುತ್ತಿತ್ತೆ, ಅಂದು ಚಿಟ್ಟೆ ಹೊರಬಂದ ದಿನವೇ ಅಲ್ಲವೇ ಎಂಬುದೆಲ್ಲ ಅಲ್ಲಿ ಬಂತು. ಮೊದಲು ತನ್ನ ಕೈಯನ್ನೇ ಪರೀಕ್ಷೆಗೆ ಒಡ್ಡಿದಳು. ಮೂರು ದಿನ ತನ್ನ ಯಂತ್ರವನ್ನು ಮುಟ್ಟಲೇ ಇಲ್ಲ, ಬಟ್ಟೆ ಮುಚ್ಚಿಟ್ಟಳು, ಫಲಗಳನ್ನು ಚೀಟಿಯಲ್ಲಿ ಬರೆದು ನನ್ನ ಕೈಲಿ ನನ್ನ ಯಂತ್ರದಲ್ಲಿ ಟೈಪ್ ಮಾಡಿಸಿದಳು. ಮಧ್ಯಾಹ್ನದ ಹೊತ್ತಿಗೆ ನನಗೂ ಫೈಲು ಓದಲಾಗುತ್ತಿಲ್ಲ ಎಂದೇ ಬಂತು. ನನ್ನ ಕೈ ಚಿಟ್ಟೆ ಮುಟ್ಟಿದ ಕೈಯಲ್ಲ. ಹಾಗಾದರೆ ತಪ್ಪು ಕೈಯದಲ್ಲ, ಕೀಲಿಯದೂ ಅಲ್ಲ, ನಾವಿಬ್ಬರೂ ಕೇಳುವ ಆ ದೊಡ್ಡ ಡಬ್ಬಿಯದು. ಇದನ್ನು ಸೆಕ್ರೆಟರಿಗಳಿಗೆ ಹೇಳೋಣ ಎಂದೆ. "ಇನ್ನೂ ಬಾಗ್ಲು ಸಿಕ್ಕಿಲ್ಲ" ಎಂದಳು.

ಮೂರು ವಾರಕ್ಕೆ ಇಪ್ಪತ್ತೇಳು ಸಲ ಎಂದು ಲೆಕ್ಕ ಸಿಕ್ಕಿತು. ಇಪ್ಪತ್ತೈದು ಸಲ ಆದದ್ದು ಚಿಟ್ಟೆ ಹೊರಬಂದ ದಿನವೇ, ಅದೂ ಹನ್ನೊಂದು ಗಂಟೆಯ ಮೇಲೆ. ನಾನಾಗಿದ್ದರೆ ಅಷ್ಟಕ್ಕೇ ಕೈ ತೊಳೆದುಕೊಳ್ಳುತ್ತಿದ್ದೆ. ಅವಳು ಉಳಿದ ಎರಡನ್ನು ಹಿಡಿದು ಕೂತಳು. ಆ ಎರಡು ದಿನ ಚಿಟ್ಟೆಯೇ ಇರಲಿಲ್ಲ, ಮತ್ತೆ ಯಾಕೆ ಹೀಗಾಯಿತು? ಮಧ್ಯಾಹ್ನ ಊಟಕ್ಕೆ ಕೂತಾಗ ಬಚ್ಚಮ್ಮನನ್ನು ಕೇಳಿದಳು.

"ವದಿನ, ಹೋದ ಮಂಗಳ್ವಾರ ನೀವೇನ್ ಮಾಡ್ತಿದ್ರಿ ಒಳಗೆ?"

ಬಚ್ಚಮ್ಮ ಮುದ್ದೆ ಮುರಿಯುತ್ತಾ ಯೋಚಿಸಿದಳು. ನುಂಗುವ ಮುಂಚೆ ಉಸಿರು ತೆಗೆದುಕೊಳ್ಳಲು ಅವಳಿಗೆ ಪ್ರತಿ ತುತ್ತಿಗೂ ನಿಲ್ಲಬೇಕಾಗುತ್ತಿತ್ತು. "ಮಂಗಳ್ವಾರವಾ? ಹಳೇ ತಟ್ಟೆಗಳ್ನೆಲ್ಲಾ ಕೊಡವಿದ್ವಿ ಕಣೇ. ಅವತ್ತು ರಾತ್ರಿ ನಾನು ಮಲ್ಗೇ ಇಲ್ಲ" ಎಂದಳು. ಇನ್ನೊಂದು ದಿನವೂ ತಟ್ಟೆ ಕೊಡವಿದ ದಿನವೇ. ಗಂಗರತ್ನಮ್ಮ ಕಾಪಿ ಪುಸ್ತಕ ಮುಚ್ಚಿದಳು. ಅವಳ ಕಣ್ಣಲ್ಲಿ ನೀರಿತ್ತು. ಸಂತೋಷದ ನೀರಲ್ಲ ಅದು. ಅತ್ತಿಗೆಯ ಎದೆ ಕೆಟ್ಟ ದಿನಗಳೂ ಯಂತ್ರ ಕೆಟ್ಟ ದಿನಗಳೂ ಒಂದೇ ಪಟ್ಟಿಯಲ್ಲಿ ಕೂತಿದ್ದವು.

ಆದರೂ ಪರೀಕ್ಷೆ ಮಾಡದೆ ಮಾತಾಡುವವಳಲ್ಲ. ಒಂದು ಗೋಣಿ ತಾಟನ್ನು ನೀರಲ್ಲಿ ಅದ್ದಿ ಹಿಂಡಿ, ಸ್ಟೂಲು ಹತ್ತಿ ಆ ಕಿಂಡಿಗೆ ಕಟ್ಟಿದಳು. ಸ್ಟೂಲು ಅಲುಗದಂತೆ ನಾನು ಹಿಡಿದುಕೊಂಡಿದ್ದೆ. ನನ್ನ ಇಡೀ ನೌಕರಿಯಲ್ಲಿ ನಾನು ತೋರಿದ ಧೈರ್ಯ ಅಷ್ಟೇ. ನಾಲ್ಕು ಚಿಟ್ಟೆ ದಿನ ತಾಟು ಇತ್ತು, ನಾಲ್ಕು ದಿನವೂ ಸರ್ವರ್ ಕೇಳಿದ್ದೆಲ್ಲ ಓದಿ ಕೊಟ್ಟಿತು. ಐದನೆಯ ದಿನ ತಾಟು ತೆಗೆದಳು. ಹನ್ನೆರಡೂವರೆಗೆ ಫೈಲು ಓದಲಾಗುತ್ತಿಲ್ಲ ಎಂದು ಬಂತು.

ಎಲ್ಲವನ್ನೂ ಎರಡು ಪುಟ ಬರೆದು ಸೆಕ್ರೆಟರಿಗಳ ಮುಂದೆ ಇಟ್ಟಳು. ಅವರು ಓದಿದರು. ಅವರು ದಡ್ಡರಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸುವುದು. ಓದಿ ಅರ್ಥ ಮಾಡಿಕೊಂಡೇ ಕಾಗದವನ್ನು ಪಕ್ಕಕ್ಕೆ ತಳ್ಳಿದರು.

"ಆ ಕೋಣೇಲಿ ಧೂಳಿಲ್ಲ ಅಂತ ಆರು ಸಲ ಸೈನ್ ಹಾಕಿದ್ದೀನಮ್ಮಾ. ಈಗ ಧೂಳದೆ ಅಂತ ಬರೀಲಾ? ನಿಮ್ಮ ಫ್ಯಾನಿನ ಆಸೆಗೆ ಯಂತ್ರದ ಕಥೆ ಕಟ್ಕೊಂಡ್ ಬಂದಿದ್ದೀಯ."

"ಕಥೆ ಅಂದ್ರೆ ಡಬ್ಬಿ ಬಿಚ್ಚಿ ನೋಡಿ ಸಾರ್."

"ಬೆಂಗಳೂರಿಂದ ಎಂಜಿನಿಯರ್ ಬರ್ತಾನೆ. ಅವ್ನು ಹೇಳ್ಲಿ."

ಎಂಜಿನಿಯರು ಮುಂದಿನ ವಾರ ಬಂದ. ಕದಿರೇಶ ಎಂದು ಹೆಸರು, ಮೂವತ್ತರ ಆಸುಪಾಸಿನವನು. ಸೆಕ್ರೆಟರಿಗಳು ಅವನನ್ನು ಬಾಗಿಲಲ್ಲೇ ಎದುರುಗೊಂಡು, ಹೆಂಗಸೊಬ್ಬಳ ಒದ್ದೆ ಕೈಯಿಂದ ಆದ ಅನಾಹುತದ ಕಥೆ ಹೇಳಿದರು. ಅವನು ಹೂಂಗುಟ್ಟುತ್ತಾ ಸರ್ವರಿನ ಸ್ಕ್ರೂಗಳನ್ನು ತೆಗೆದು ಮೇಲಿನ ತಗಡು ಎತ್ತಿದ. ಒಳಗೆ ಯಂತ್ರ ಕಾಣಿಸಲಿಲ್ಲ. ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗೆ ಹುಡಿ ಮೆತ್ತಿಕೊಂಡಿತ್ತು. ಒಳಗಿನ ಪುಟ್ಟ ಫ್ಯಾನಿನ ಬಾಯಿ ಮುಕ್ಕಾಲು ಕಟ್ಟಿತ್ತು.

"ಇದು ರೋಡಿನ ಮಣ್ಣಲ್ಲ. ಏನ್ರೀ ಇದು?" ಎಂದು ಬೆರಳಲ್ಲಿ ತಿಕ್ಕಿ ನೋಡಿದ.

ಗಂಗರತ್ನಮ್ಮ ಬ್ಲೇಡಿನ ತುದಿಯಲ್ಲಿ ಒಂದಿಷ್ಟು ಕೆರೆದು, ಗಾಜಿನ ಮೇಲೆ ಒಂದು ತೊಟ್ಟು ನೀರಿನಲ್ಲಿ ಹರಡಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟಳು. "ನೋಡಿ ಸಾರ್" ಎಂದಳು. ಪಕ್ಕದಲ್ಲಿ ಇನ್ನೊಂದು ಗಾಜು. ಅದರ ಮೇಲೆ ಅಂದಿನ ಚಿಟ್ಟೆಯ ರೆಕ್ಕೆಯಿಂದ ಉದುರಿಸಿದ ಹುಡಿ. ಕದಿರೇಶ ಎರಡನ್ನೂ ನೋಡಿದ. ಎರಡರಲ್ಲೂ ತುದಿಯಲ್ಲಿ ಹಲ್ಲು ಹಲ್ಲಾದ ಒಂದೇ ಬಗೆಯ, ಸಣ್ಣ ಎಲೆಯಂಥ ಹುಡಿಕಣಗಳು.

ಅವನು ಪ್ರಾಮಾಣಿಕ ಮನುಷ್ಯ. ಸೆಕ್ರೆಟರಿಗಳ ಎದುರಿಗೇ ಹೇಳಿದ. ಈ ಹುಡಿ ಫ್ಯಾನನ್ನು ಕಟ್ಟುತ್ತದೆ, ಒಳಗೆ ಶಾಖ ಏರುತ್ತದೆ, ಕಾದ ಮೇಲೆ ತಟ್ಟೆ ಫೈಲನ್ನು ಸರಿಯಾಗಿ ಓದುವುದಿಲ್ಲ. ಆರಿದ ಮೇಲೆ ಓದುತ್ತದೆ. ಹೀಗೇ ಬಿಟ್ಟರೆ ಒಂದು ದಿನ ಪೂರ್ತಿ ಸಾಯುತ್ತದೆ.

"ಇಂಥಾ ಗಾಳೀಲಿ ಯಂತ್ರ ಇಡಬಾರ್ದು ಸಾರ್. ತಡ್ಕೊಳ್ಳಲ್ಲ ಅದು" ಎಂದ. ಪಕ್ಕದ ಕೋಣೆಯಲ್ಲಿ ಬಚ್ಚಮ್ಮ ಕೆಮ್ಮುತ್ತಿದ್ದಳು, ಕಿಂಡಿಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು. ಅವನು ತಲೆಯೆತ್ತಿ ಕಿಂಡಿಯ ಕಡೆ ನೋಡಿದ. "ಅಲ್ಲಿ ಜನ ಇದ್ದಾರಾ?" ಎಂದು ಕೇಳಿದ. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಹೊರಗಿನ ಮನುಷ್ಯ ಅವನು.

ಅವನ ವರದಿ ಇಂಗ್ಲಿಷಿನಲ್ಲಿ ಬಂತು, ಸಂಘದ ಅಧ್ಯಕ್ಷರಿಗೇ ನೇರವಾಗಿ. ಗಂಗರತ್ನಮ್ಮನ ಮೆಮೊ ಸದ್ದಿಲ್ಲದೆ ಸತ್ತಿತು. ಅದಕ್ಕೆ ಯಾರೂ ಕ್ಷಮೆ ಕೇಳಲಿಲ್ಲ. ಒಂಬತ್ತೇ ದಿನಕ್ಕೆ ಬೆಂಗಳೂರಿನಿಂದ ಫ್ಯಾನ್ ಬಂತು. ಹನ್ನೆರಡು ವರ್ಷ ಹೆಂಗಸರು ಕೆಮ್ಮಿದರೂ ಬಾರದ ಫ್ಯಾನು, ಯಂತ್ರ ಒಂದು ಬೇಸಿಗೆ ಕೆಮ್ಮಿದ್ದಕ್ಕೆ ಬಂತು. ಇದನ್ನು ಬರೆಯುವಾಗ ಈಗಲೂ ನನಗೆ ಮೈ ಉರಿಯುತ್ತದೆ. ಆದರೆ ಉರಿಯುವುದಕ್ಕೆ ಇನ್ನೂ ಇದೆ.

ಫ್ಯಾನನ್ನು ಭಾನುವಾರ ಯಾರೂ ಇಲ್ಲದಾಗ ಹಾಕಿಸಿದ್ದರು. ಸೋಮವಾರ ಚಿಟ್ಟೆ ದಿನ. ಬೆಳಗಿನ ಜಾವ ಹೆಂಗಸರು ಬಂದು ನೋಡಿದರೆ ಫ್ಯಾನು ಕೂತಿರುವುದು ಆ ಕಿಂಡಿಯಲ್ಲಿ. ಸರ್ವರಿನ ಕೋಣೆಯ ಗಾಳಿಯನ್ನು ಎಳೆದು ಚಿಟ್ಟೆ ಕೋಣೆಗೆ ಬಿಡುತ್ತಿತ್ತು. ಹೊರಗಿನ ಗೋಡೆ ಹಾಗೇ ಇತ್ತು. ಹುಡಿಯ ಒಂದು ಕಣವೂ ಇನ್ನು ಯಂತ್ರದ ಕಡೆ ದಾಟುವಂತಿರಲಿಲ್ಲ. ಅದರ ಬಿರುಸಿಗೆ ನೆಲದಲ್ಲಿ ಕೂತ ಹುಡಿಯೂ ಎದ್ದು ಹೆಂಗಸರ ಮುಖಕ್ಕೆ ಬಡಿಯುತ್ತಿತ್ತು. ಬಚ್ಚಮ್ಮ ಅರ್ಧ ಗಂಟೆ ಕೆಲಸ ಮಾಡಿ ಗೋಡೆ ಹಿಡಿದು ಕುಸಿದಳು. "ಊಪಿರಿ ಆಡಟಂ ಲೇದೇ" ಎಂದಳು. ಉಸಿರಾಡಲು ಆಗುತ್ತಿಲ್ಲ ಎಂದು ಅರ್ಥ.

ಗಂಗರತ್ನಮ್ಮ ಅತ್ತಿಗೆಯನ್ನು ತೋಳು ಹಿಡಿದು ಹೊರಗೆ ತಂದು ಅಂಗಳದ ಹೊಂಗೆ ಮರದ ಕೆಳಗೆ ಕೂರಿಸಿದಳು. ಆಮೇಲೆ ಒಳಗೆ ಹೋಗಿ ಹೆಂಗಸರ ಹತ್ತಿರ ಏನೋ ಹೇಳಿದಳು. ಅವರು ಎಂಟು ಗಂಟೆಯವರೆಗೆ ಎಲ್ಲ ಚಿಟ್ಟೆಗಳನ್ನೂ ಜೋಡಿ ಮಾಡಿದರು. ಆರು ಸಾವಿರ ಜೋಡಿ. ಮಾಡಿ, ಕೈ ತೊಳೆದು, ಹದಿನೆಂಟು ಹೆಂಗಸರೂ ಹೊರಗೆ ಬಂದು ಬಚ್ಚಮ್ಮನ ಸುತ್ತ ಕೂತರು. ಹನ್ನೆರಡಕ್ಕೆ ಜೋಡಿ ಬಿಡಿಸಬೇಕು. ಬಿಡಿಸುವವರು ಒಬ್ಬರೂ ಒಳಗಿಲ್ಲ.

ಹನ್ನೊಂದೂವರೆಗೆ ಕೋದಂಡರಾಮಪ್ಪನವರು ಅಂಗಳಕ್ಕೆ ಬಂದರು.

"ಏನಿದು ನಾಟಕ? ಏಳಿ, ಹೊತ್ತಾಯ್ತು."

"ಫ್ಯಾನು ಹೊರಗಿನ ಗೋಡೆಗೆ ಹಾಕ್ಸಿ ಸಾರ್, ಬರ್ತೀವಿ" ಎಂದಳು ಗಂಗರತ್ನಮ್ಮ. ಎರಡನೇ ಸಾಲಿನಲ್ಲಿ ಕೂತವರಿಗೆ ಕೇಳಿಸದಷ್ಟು ಮೆಲ್ಲಗೆ.

"ಅದು ಯಂತ್ರಕ್ಕೆ ಅಂತ ತರ್ಸಿರೋದು. ನಿಮ್ಗಲ್ಲ. ಅಲ್ಲಿ ಅಂಥಾ ಧೂಳೇನೂ ಇಲ್ಲ."

"ಇಲ್ದಿದ್ರೆ ಇವತ್ತೊಂದಿನ ನೀವೇ ಬಿಡ್ಸಿ ಸಾರ್."

ಅವರಿಗೆ ರೋಷ ಬಂತು. "ನಡಿಯಯ್ಯಾ ಆವಲಪ್ಪ, ನಾವೇ ಬಿಡ್ಸೋಣ. ಇವ್ರಿಲ್ದೆ ಕೋಠಿ ನಡೆಯಲ್ವಾ?" ಎಂದರು. ನಾನು ಹೋದೆ. ಹೆಂಗಸರು ನನ್ನನ್ನೇ ನೋಡುತ್ತಿದ್ದರು, ಆದರೂ ಹೋದೆ. ಒಳಗೆ ಆರು ಸಾವಿರ ಜೋಡಿ ಚಿಟ್ಟೆಗಳ ರೆಕ್ಕೆಯ ಸದ್ದು, ಮೇಲೆ ಆ ಫ್ಯಾನಿನ ಸದ್ದು. ಬಾಗಿಲಲ್ಲಿ ನಿಂತು ನೋಡಿದ್ದು ಬೇರೆ, ಒಳಗೆ ತಟ್ಟೆಯ ಮೇಲೆ ಬಗ್ಗಿದ್ದು ಬೇರೆ. ಮೊದಲ ತಟ್ಟೆ ಮುಗಿಯುವ ಮುಂಚೆ ಕಣ್ಣು ಉರಿದು ನೀರು ಸುರಿಯಿತು. ಬಿಡಿಸಲು ಹೋಗಿ ನಾನು ಮೂರು ಚಿಟ್ಟೆಗಳ ಹೊಟ್ಟೆ ಕಿತ್ತೆ. ಸೆಕ್ರೆಟರಿಗಳು ಸೀನಿದರು, ಮತ್ತೆ ಸೀನಿದರು, ಆಮೇಲೆ ಕೆಮ್ಮು ಹಿಡಿಯಿತು. ಬಗ್ಗಿ, ಮಂಡಿ ಹಿಡಿದು, ಕೆಂಪಗಾಗಿ ಕೆಮ್ಮಿದರು. ನಾನು ಅವರನ್ನು ಹಿಡಿದು ಹೊರಗೆ ತಂದೆ. ಅವರ ಹುಬ್ಬು ಮೀಸೆ ಎರಡೂ ಬೆಳ್ಳಗಾಗಿದ್ದವು.

"ಎಷ್ಟೊತ್ತಾಯ್ತು ಆವಲಪ್ಪಣ್ಣ?" ಎಂದು ಗಂಗರತ್ನಮ್ಮ ಕೇಳಿದಳು.

"ಹದ್ನೈದು ನಿಮ್ಷ" ಎಂದೆ.

ಅವಳು ಸೆಕ್ರೆಟರಿಗಳಿಗೆ ಒಂದು ಚೊಂಬು ನೀರು ಕೊಟ್ಟಳು. ಅವರು ಕುಡಿದು, ಸುಧಾರಿಸಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದರು.

"ಆಯ್ತು. ಇವತ್ತೇ ಹೊರಗಿನ ಗೋಡೆಗೆ ಹಾಕಿಸ್ತೀನಿ. ಏಳಿ."

"ಬರ್ದು ಕೊಡಿ ಸಾರ್."

"ಹಾಕಿಸ್ತೀನಿ ಅಂದ್ಮೇಲೆ ಬರೆಯೋದ್ಯಾಕೆ?"

"ಫ್ಯಾನಿಗಲ್ಲ. ನಮ್ ವದಿನ ಬಗ್ಗೆ ಬರ್ದಿದ್ರಲ್ಲ, ಅದಕ್ಕೆ."

ಹನ್ನೆರಡು ಹೊಡೆಯಿತು. ಅವರು ಒಳಗಿನ ಚಿಟ್ಟೆಗಳ ಸದ್ದನ್ನೂ ಹೊರಗಿನ ಹದಿನೆಂಟು ಮುಖಗಳನ್ನೂ ಒಂದು ಗಳಿಗೆ ತೂಗಿ ನೋಡಿದರು. ಆಮೇಲೆ ನನ್ನ ಮೇಜಿನ ಹತ್ತಿರ ಬಂದು ನಿಂತು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಚಿಟ್ಟೆ ಕೋಣೆಯಲ್ಲಿ ರೆಕ್ಕೆಯ ಹುಡಿ ವಿಪರೀತವಾಗಿದೆ. ಕೆಲಸಗಾರಳು ಬಚ್ಚಮ್ಮ ಇವರ ಉಸಿರಾಟದ ತೊಂದರೆ ಇದರಿಂದಲೇ ಬಂದದ್ದು. ಈ ಬಗ್ಗೆ ಹಿಂದೆ ನೀಡಿದ ಆರೂ ಉತ್ತರಗಳು ಸತ್ಯಕ್ಕೆ ದೂರವಾಗಿವೆ. ಕೊನೆಯ ಸಾಲನ್ನು ಗಂಗರತ್ನಮ್ಮ ಬಾಗಿಲಲ್ಲಿ ನಿಂತು ಹೇಳಿ ಬರೆಸಿದಳು. ಅವರು ಸೈನ್ ಹಾಕಿದರು. ಹೆಂಗಸರು ಎದ್ದು ಮೂಗಿಗೆ ಸೆರಗು ಕಟ್ಟಿಕೊಂಡು ಒಳಗೆ ಹೋದರು, ಒಂದೂವರೆಗೆ ಎಲ್ಲ ಜೋಡಿಗಳನ್ನೂ ಬಿಡಿಸಿ ಮುಗಿಸಿದರು. ಸಂಜೆಯ ಹೊತ್ತಿಗೆ ಹೊರಗಿನ ಗೋಡೆ ಒಡೆದು ಫ್ಯಾನು ಕೂರಿಸಿದರು. ಆ ಕಿಂಡಿಗೆ ಇಟ್ಟಿಗೆ ಕಟ್ಟಿ, ಸರ್ವರಿಗೆ ಬೇರೆ ಕೂಲರ್ ಇಟ್ಟರು. ಸರ್ವರ್ ಆಮೇಲೆ ಯಾವ ಫೈಲಿಗೂ ತಕರಾರು ಮಾಡಲಿಲ್ಲ.

ಗಂಗರತ್ನಮ್ಮ ರಿಟೈರ್ ಆಗುವವರೆಗೂ ಅದೇ ಮೈಕ್ರೋಸ್ಕೋಪಿನ ಮುಂದೆ ಕೂತಳು. ಸಂಘದ ವಾರ್ಷಿಕ ವರದಿಯಲ್ಲಿ ಯಂತ್ರದ ದೋಷ ಪತ್ತೆ ಮಾಡಿದ ಕೀರ್ತಿ ಕೋದಂಡರಾಮಪ್ಪನವರಿಗೆ ಹೋಯಿತು. ಎಂಜಿನಿಯರು ಸರ್ವರಿಗೆ ಹೊಸ ಫ್ಯಾನು, ಹೊಸ ತಟ್ಟೆ ಹಾಕಿ ಹೋಗಿದ್ದ. ಬಚ್ಚಮ್ಮನ ಎದೆಯೊಳಗೆ ಬದಲಾಯಿಸುವುದಕ್ಕೆ ಏನೂ ಇರಲಿಲ್ಲ. ಕೋಲಾರದ ಡಾಕ್ಟರು ತಡವಾಯಿತು ಎಂದರು. ಅವಳು ಇನ್ನೂ ನಾಲ್ಕು ವರ್ಷ ಇದ್ದಳು, ರಾತ್ರಿಗಳನ್ನು ಗೋಡೆಗೆ ಒರಗಿ ಕೂತೇ ಕಳೆದಳು.

ಆ ಸೋಮವಾರದ ಸಂಜೆ, ಗಂಗರತ್ನಮ್ಮ ಸೈನ್ ಆದ ಕಾಗದವನ್ನು ನನ್ನ ಕೈಗೆ ಕೊಟ್ಟು, "ವದಿನಗೆ ನೀವೇ ಓದಿ ಹೇಳಿ ಆವಲಪ್ಪಣ್ಣ" ಎಂದಳು. ಅವಳೇ ಓದಬಹುದಿತ್ತು. ನಾನು ಹೊಂಗೆಯ ಕೆಳಗೆ ಹೋಗಿ, ಬಚ್ಚಮ್ಮನ ಎದುರು ಕುಕ್ಕರಗಾಲಲ್ಲಿ ಕೂತು, ಮೊದಲಿನಿಂದ ಕೊನೆಯವರೆಗೆ ಓದಿದೆ. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು.

"ಅಂಗಾದ್ರೆ ನಾನು ಸುಳ್ಳು ಸುಳ್ಳೇ ಕೆಮ್ತಿರ್ಲಿಲ್ಲ ಅಂತ ಬರ್ದವ್ರಾ?"

"ಹೂಂ ಬಚ್ಚಮ್ಮ. ಬರ್ದವ್ರೆ."

"ಇದ್ನ ಮಿಶಿನ್ನಾಗೆ ಹೊಡ್ದಿದ್ದು ನೀನೇನಾ?"

"ನಾನೇ."

ಅವಳು ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡಳು.

"ಮೊದ್ಲಿನವೂ ನೀನೇ ಹೊಡ್ದಿದ್ದಲ್ವಾ?" ಎಂದು ಕೇಳಿದಳು.

ನಾನು ಕಾಗದವನ್ನು ಮಡಿಸಿ ಅವಳ ಕೈಯಲ್ಲಿಟ್ಟು, ಹೌದು ಎಂದೆ.